ಮಲಗಿದ ತೂಕ

ತಕ್ಕಡಿಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹೆಗಲಿಗೊಂದು ಚೀಲ, ಚೀಲದಲ್ಲಿ ಕೊಕ್ಕೆ ಇರುವ ತೂಗುತಕ್ಕಡಿ, ಅದಕ್ಕೊಂದು ಬಟ್ಟೆಯ ಜೋಲಿ. ಇಪ್ಪತ್ತಾರು ವರ್ಷ ಬೀದಿ ಬೀದಿ ತಿರುಗಿ ಕೂಸುಗಳನ್ನು ತೂಗಿದವಳನ್ನು ಜನ ಇನ್ನೇನೆಂದು ಕರೆದಾರು? ಅವಳು ತೂಗಿದ ಕೂಸುಗಳೇ ಈಗ ಮೀಸೆ ಬಿಟ್ಟುಕೊಂಡು ಬಸ್ಸಿನಲ್ಲಿ ಅವಳಿಗೆ ಜಾಗ ಬಿಡುತ್ತಿದ್ದವು. "ಹುಟ್ಟಿದಾಗ ಎರಡೂಮುಕ್ಕಾಲು ಕಿಲೋ ಇದ್ದೆ ಕಣೋ ನೀನು, ಈಗ ನೋಡು, ಸೀಟು ಮುರೀತಿದೀಯ" ಎಂದು ಎಲ್ಲರೆದುರೇ ಹೇಳಿ ಮಾನ ಕಳೆಯುತ್ತಿದ್ದಳು.

ಈ ಕೆಲಸದಲ್ಲಿ ಒಂದು ಕಷ್ಟವಿದೆ. ಶಿಶುಕೇಂದ್ರದ ಕಾರ್ಯಕರ್ತೆ ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ ಮಗು ಮಲಗಿರುತ್ತದೆ. ರಾತ್ರಿಯೆಲ್ಲ ಗೋಳು ಹುಯ್ದುಕೊಂಡು ಈಗಷ್ಟೇ ಕಣ್ಣು ಮುಚ್ಚಿದ ಕೂಸನ್ನು ಎಬ್ಬಿಸು, ಬಟ್ಟೆ ಬಿಚ್ಚು, ಜೋಲಿಗೆ ಹಾಕು ಎಂದರೆ ಯಾವ ತಾಯಿ ತಾನೇ ಸುಮ್ಮನಿದ್ದಾಳು? ತಕ್ಕಡಿಯಕ್ಕನ ಕರುಳು ಮೆದು. "ಇರ್ಲಿ ಬಿಡಮ್ಮ, ಎಬ್ಬಿಸ್ಬೇಡ" ಎಂದು ಹೋದ ತಿಂಗಳ ತೂಕಕ್ಕೆ ಮುನ್ನೂರೋ ನಾನೂರೋ ಗ್ರಾಂ ಸೇರಿಸಿ, ತಾಯಿಯ ಬಳಿಯಿರುವ ಕಾರ್ಡಿನಲ್ಲೂ ಕೇಂದ್ರದ ರಿಜಿಸ್ಟರಿನಲ್ಲೂ ಬರೆದು, ರಿಜಿಸ್ಟರಿನಲ್ಲಿ ಪಕ್ಕಕ್ಕೊಂದು ಚುಕ್ಕೆ ಇಡುತ್ತಿದ್ದಳು. ಚುಕ್ಕೆ ಇದ್ದರೆ ಅದು ಕಣ್ಣಂದಾಜು, ಮುಂದಿನ ತಿಂಗಳು ತೂಗಲೇಬೇಕು. ಇದಕ್ಕೆ ಮಲಗಿದ ತೂಕ ಎಂದು ಹೆಸರಿಟ್ಟವಳು ಅವಳೇ. ಆಮೇಲೆ ಬಂದ ಕಾರ್ಯಕರ್ತೆಯರಿಗೆಲ್ಲ ಹೇಳಿಕೊಟ್ಟವಳೂ ಅವಳೇ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಸುಳ್ಳಿಗೆ ಆಯಸ್ಸು ಗಟ್ಟಿ, ಯಾಕೆಂದರೆ ಅದನ್ನು ಯಾರೂ ಸುಳ್ಳೆಂದು ಕರೆಯುವುದಿಲ್ಲ.

ಎರಡೂಕಾಲು ವರ್ಷದ ಹಿಂದೆ ಮೊಣಕಾಲು ಮುಷ್ಕರ ಹೂಡಿದಾಗ ಪುರಸಭೆ ಅವಳಿಗೆ ಕಚೇರಿಯಲ್ಲಿ ಒಂದು ಮೇಜು ಕೊಟ್ಟಿತು. ಊರಿನ ಹನ್ನೆರಡು ಶಿಶುಕೇಂದ್ರಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡಿ ಮಕ್ಕಳ ಆರೋಗ್ಯ ಸಮಿತಿಗೆ ವರದಿ ಒಪ್ಪಿಸುವುದು ಹೊಸ ಕೆಲಸ. ಆದರೆ ಆ ಮೇಜಿಗೆ ರಿಜಿಸ್ಟರುಗಳು ಬರುತ್ತಿರಲಿಲ್ಲ, ಕೇಂದ್ರಕ್ಕೊಂದು ಹಾಳೆ ಬರುತ್ತಿತ್ತು. ತೂಗಿದ ಮಕ್ಕಳು ನೂರಕ್ಕೆ ನೂರು. ಹಾಳೆಯಲ್ಲಿ ಚುಕ್ಕೆ ಇಡಲು ಕಾಲಂ ಇರಲಿಲ್ಲ. ಸಮಿತಿಯ ಏಳು ಜನ ತಿಂಗಳಿಗೊಮ್ಮೆ ಸೇರಿ, ಚಹಾ ಕುಡಿದು, ನೂರಕ್ಕೆ ನೂರನ್ನು ಒಪ್ಪಿ ಎದ್ದು ಹೋಗುತ್ತಿದ್ದರು. ಮಹಡಿಯ ಮೇಲಿನಿಂದ ನೋಡಿದರೆ ಯಾವ ಊರೂ ಚೆಂದವೇ.

ಈ ವರ್ಷದ ಕೊನೆಗೆ ಸಮಿತಿಯ ಅಧ್ಯಕ್ಷರಿಗೆ ಒಂದು ಹುರುಪು ಬಂತು. ಅವರು ಪಾತ್ರೆ ಅಂಗಡಿಯವರು, ಹೊಳೆಯುವುದೆಲ್ಲ ಮುಂದಿನ ಸಾಲಿನಲ್ಲಿರಬೇಕು ಎನ್ನುವವರು.

"ವಾರ್ಷಿಕ ವರದಿ ಮೇಲೆ ಒಂದು ಮಗು ಫೋಟೋ ಹಾಕೋಣ ಅಕ್ಕಾ. ಯಾವ್ದೋ ಮಗು ಬೇಡ. ಊರಲ್ಲೇ ಚೆನ್ನಾಗಿ ಬೆಳೆದಿರೋ ಮಗು ಹುಡುಕಿ. ಗುರುವಾರದ ಸಭೆಗೆ ತಾಯಿ ಮಗು ಇಬ್ರನ್ನೂ ಕರ್ಕೊಂಡ್ ಬನ್ನಿ."

ಹೀಗಾಗಿ ಮೊದಲ ಸಲ ಹನ್ನೆರಡು ಕೇಂದ್ರಗಳ ರಿಜಿಸ್ಟರುಗಳು ಅವಳ ಮೇಜಿಗೆ ಬಂದು ಬಿದ್ದವು. ಅಳೆದೂ ಸುರಿದೂ ಮಂಗಳವಾರದ ಹೊತ್ತಿಗೆ ಒಂದು ಮಗು ಸಿಕ್ಕಿತು. ಗಿರಣಿ ಗೋಡೆಯ ಹಿಂದಿನ ಓಣಿಯಲ್ಲಿರುವ ಲಾರಿ ಡ್ರೈವರನ ಮಗಳು, ಮುಂದಿನ ತಿಂಗಳು ಮೂರು ತುಂಬುತ್ತದೆ, ಶಿಶುವಿಹಾರಕ್ಕೆ ಸೇರುವವರ ಪಟ್ಟಿಯಲ್ಲೂ ಹೆಸರಿದೆ. ಹದಿನೈದು ಕಿಲೋ. ಬೆಳವಣಿಗೆಯ ಗೆರೆ ಎಲ್ಲೂ ಬಾಗದೆ, ಅಡಿಪಟ್ಟಿ ಇಟ್ಟು ಎಳೆದ ಹಾಗೆ ಮೇಲೇರಿತ್ತು.

ತಕ್ಕಡಿಯಕ್ಕನಿಗೆ ಮೊದಲು ಸಂತೋಷವಾಯಿತು. ಆಮೇಲೆ ಆ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಹಲ್ಲು ಬರುವಾಗ ಅರ್ಧ ಕಿಲೋ ಇಳಿಯದ ಕೂಸು ಯಾವುದು? ಜ್ವರ ಬರದ, ಭೇದಿಯಾಗದ, ಎದೆಹಾಲು ಬಿಡಿಸಿದಾಗ ಮುನಿಸಿಕೊಂಡು ಉಣ್ಣದೆ ಕೂರದ ಕೂಸು ಎಲ್ಲಾದರೂ ಇದ್ದೀತೇ? ಇಪ್ಪತ್ತಾರು ವರ್ಷದಲ್ಲಿ ಅವಳು ಒಂದನ್ನೂ ಕಂಡಿರಲಿಲ್ಲ. ಕನ್ನಡಕ ಒರೆಸಿಕೊಂಡು ಅಂಕಿಗಳ ಪಕ್ಕ ನೋಡಿದಳು. ಚುಕ್ಕೆ. ಅದರ ಕೆಳಗೆ ಚುಕ್ಕೆ. ಬೆರಳಿಟ್ಟು ಎಣಿಸಿದಳು, ಸಾಲಾಗಿ ಮೂವತ್ತು ಚುಕ್ಕೆ. ಐದು ಕಾರ್ಯಕರ್ತೆಯರ ಐದು ಬಗೆಯ ಕೈಬರಹ. ಹಿಂದಿನವಳು ತೂಗಿದ್ದಾಳೆಂದು ಪ್ರತಿಯೊಬ್ಬಳೂ ನಂಬಿದ್ದಳು. ಐದನೇ ತಿಂಗಳಾದ ಮೇಲೆ ಆ ಮಗುವನ್ನು ಯಾರೂ ತೂಗಿರಲಿಲ್ಲ. ಆರನೇ ತಿಂಗಳು, ಏಳನೇ ತಿಂಗಳು, ಮೊದಲ ಎರಡು ಚುಕ್ಕೆ ಅವಳದೇ ಕೈಯವು.

ಸಂಜೆ ಗಂಡನ ಅಂಗಡಿಗೆ ಹೋದಳು. ಗಂಡ ದರ್ಜಿ, ಮಕ್ಕಳ ಬಟ್ಟೆಯಲ್ಲಿ ಎತ್ತಿದ ಕೈ. ಹೆಂಡತಿಯ ಮುಖ ನೋಡಿ ಹೊಲಿಗೆ ಯಂತ್ರ ನಿಲ್ಲಿಸಿದ.

"ಏನೇ, ಮುಖ ಹುಳ್ಳಗಿದೆ? ಸಮಿತಿಯೋರು ನಿನ್ನೇ ತೂಗಿದ್ರಾ?"

"ರೀ, ಗಿರಣಿ ಓಣಿ ಡ್ರೈವರ್ ಹೆಂಡ್ತಿ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು? ತಿಂಗಳಿಗೊಂದು ಫ್ರಾಕು ಹೊಲಿಸ್ತಾಳೆ. ಅಳತೆಗೆ ಮಗೂನ ಕರ್ಕೊಂಡ್ ಬಾಮ್ಮ ಅಂದ್ರೆ ಮಲಗಿದೆ ಅಂತಾಳೆ, ನಿಮ್ಮ ತೂಕದ ಕಾರ್ಡ್ ತೋರಿಸ್ತಾಳೆ. ಅದನ್ನ ನೋಡ್ಕೊಂಡೇ ಹೊಲೀತೀನಿ." ಸೂಜಿಗೆ ದಾರ ಪೋಣಿಸುತ್ತಾ ಅವನು ಮತ್ತೆ ಹೇಳಿದ, "ಒಂದೇ ಒಂದು ವಿಚಿತ್ರ ನೋಡು. ಬೆಳೆಯೋ ಮಕ್ಕಳ ಬಟ್ಟೆಗೆ ಕೆಳಗೆ ಮಡಿಕೆ ಬಿಟ್ಟಿರ್ತೀನಿ. ಗಿಡ್ಡ ಆಯ್ತು, ಬಿಚ್ಚಿಕೊಡಿ ಅಂತ ಎಲ್ರೂ ತರ್ತಾರೆ. ಇವಳು ಇವತ್ತಿನವರೆಗೂ ಒಂದನ್ನೂ ತಂದಿಲ್ಲ."

ತಕ್ಕಡಿಯಕ್ಕ ಅಲ್ಲಿಂದ ಎದ್ದಳು. ನಾಳೆ ಆ ಮಗುವನ್ನು ಕಣ್ಣಾರೆ ಕಾಣಬೇಕು, ಕಂಡರೆ ಸಾಕು, ಫೋಟೋ ಹಾಳಾಗಿ ಹೋಗಲಿ ಎಂದುಕೊಂಡಳು.

ಬುಧವಾರ ಮಟಮಟ ಮಧ್ಯಾಹ್ನ ಹಳೆಯ ಚೀಲ ಹೆಗಲಿಗೇರಿಸಿ ಹೊರಟಳು. ಗಿರಣಿ ಮುಚ್ಚಿ ವರ್ಷಗಳಾಗಿದ್ದವು. ಗೋಡೆಯ ನೆರಳು ಬಿದ್ದ ಓಣಿಯಲ್ಲಿ ನಾಯಿಯೂ ಬೊಗಳಲಿಲ್ಲ. ಕೊನೆಯ ಮನೆಯ ಬಾಗಿಲ ಪಕ್ಕ ಪುಟ್ಟ ಚಪ್ಪಲಿಗಳನ್ನು ಗೋಡೆಗೊತ್ತಿ ಜೋಡಿಸಿಟ್ಟಿದ್ದರು, ಅಂಗೈಯಗಲದ್ದು ಮೊದಲು, ಆಮೇಲೆ ಸ್ವಲ್ಪ ದೊಡ್ಡದು, ಆಮೇಲೆ ಇನ್ನೂ ದೊಡ್ಡದು. ಬಗ್ಗಿ ಒಂದನ್ನು ತಿರುಗಿಸಿ ನೋಡಿದಳು. ಅಡಿಯಲ್ಲಿ ಒಂದು ಕಾಳು ಮಣ್ಣಿರಲಿಲ್ಲ.

ತಟ್ಟುವ ಮೊದಲೇ ಬಾಗಿಲು ತೆರೆಯಿತು. ತಾಯಿ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

"ಮೆಲ್ಲಗೆ ಅಕ್ಕಾ. ಈಗಷ್ಟೇ ಮಲಗಿದೆ."

ಇರ್ಲಿ ಬಿಡಮ್ಮ ಎಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ತಕ್ಕಡಿಯಕ್ಕ ಅದನ್ನು ನುಂಗಿಕೊಂಡಳು.

"ಎಬ್ಬಿಸಮ್ಮ. ನೋಡ್ಬೇಕು."

"ಕಾರ್ಡ್ ತರ್ತೀನಿ, ಬರ್ಕೊಳಿ."

"ಕಾರ್ಡ್ ಬೇಡ. ಮಗು ಬೇಕು."

ತಾಯಿ ಅವಳನ್ನು ದಿಟ್ಟಿಸಿ ನೋಡಿದಳು. ಕೋಪವಿರಲಿಲ್ಲ, ಭಯವೂ ಇರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಬಂತೆನ್ನುವ ಹಾಗೆ ಕೇಳಿದಳು, "ತಕ್ಕಡಿ ತಂದಿದೀರಾ? ನಿಮ್ಮೋರು ಯಾರೂ ಅದನ್ನ ಚೀಲದಿಂದ ಆಚೆ ತೆಗೀಲೇ ಇಲ್ಲ."

ನಡುಮನೆಯ ತೊಲೆಗೆ ಹಿಂದೆ ತಾನೇ ಹೊಡೆಸಿದ್ದ ಕೊಕ್ಕೆ ಹಾಗೇ ಇತ್ತು, ಒರೆಸಿ ಇಟ್ಟಿದ್ದರು. ತಕ್ಕಡಿಯನ್ನು ನೇತುಹಾಕಿ, ಜೋಲಿ ಕಟ್ಟಿ, ಮುಳ್ಳನ್ನು ಸೊನ್ನೆಗೆ ತಂದಳು. ಒಳಕೋಣೆಯಿಂದ ಮೆಲ್ಲಗೆ ಜೋಗುಳದ ಗುನುಗು ಕೇಳಿಸಿತು. ಆಮೇಲೆ ತಾಯಿ ಹೊರಗೆ ಬಂದಳು, ಎರಡೂ ತೋಳಿನ ಮೇಲೆ ಬಿಳಿ ಬಟ್ಟೆ ಸುತ್ತಿದ ಗಂಟು, ಒಂದು ಅಂಗೈ ತಲೆಗೆ ಆಸರೆ ಕೊಡುವ ಹಾಗೆ. ಜೋಲಿಯಲ್ಲಿ ಮಲಗಿಸಿ, ಕತ್ತು ಉಳುಕದಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ತಕ್ಕಡಿಯಕ್ಕನ ಕೈ ತಾನಾಗಿ ಮುಂದೆ ಹೋಗಿ ಜೋಲಿಯನ್ನು ಸರಿಮಾಡಿತು. ಗಂಟು ಅಲುಗಲಿಲ್ಲ. ಮುಳ್ಳು ನಡುಗಿ ನಡುಗಿ ನಿಂತಿತು.

"ನಾಲ್ಕು ಕಿಲೋ ಒಂಬೈನೂರು," ಎಂದು ಓದಿದಳು. ಅದು ತನ್ನ ದನಿಯೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಸರಿ ಇದೆ," ಎಂದಳು ತಾಯಿ. "ಆಸ್ಪತ್ರೇಲೂ ಇಷ್ಟೇ ಅಂದಿದ್ರು."

ಬಟ್ಟೆಯ ಅಂಚು ಜಾರಿತು. ಒಳಗಿದ್ದದ್ದು ಫ್ರಾಕುಗಳು. ಒಂದರ ಮೇಲೊಂದು ಮಡಿಸಿಟ್ಟ ಇಪ್ಪತ್ತೆಂಟು ಮೂವತ್ತು ಫ್ರಾಕುಗಳು, ತನ್ನ ಗಂಡನ ಕೈಯ ಹೊಲಿಗೆ, ಯಾವುದರ ಮಡಿಕೆಯೂ ಬಿಚ್ಚಿರಲಿಲ್ಲ.

ತಾಯಿ ನೆಲದ ಮೇಲೆ ಕೂತು ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ.

"ಆಗ ಭೇದಿ ಹತ್ಕೊಂಡಿತ್ತು. ಸ್ವಲ್ಪ ನಿಲ್ಲೋದು, ಮತ್ತೆ ಶುರುವಾಗೋದು. ಮಗು ಸೊರಗ್ತಿದೆ ಅಂತ ನಂಗನ್ನಿಸ್ತಿತ್ತು. ನೀವು ಬಂದ್ರಿ. ಮಲಗಿದೆ ಅಂದೆ, ಇರ್ಲಿ ಬಿಡಮ್ಮ ಅಂದ್ರಿ. ಕಾರ್ಡಲ್ಲಿ ಬರೆದ್ರಿ. ಆರು ಕಿಲೋ ಇದ್ದಿದ್ದು ಆರೂ ನಾನೂರು ಆಯ್ತು, ಮುಂದಿನ ತಿಂಗಳು ಆರೂ ಏಳ್ನೂರು ಆಯ್ತು. ಗೆರೆ ಮೇಲಕ್ಕೆ ಹೋಗ್ತಿತ್ತಲ್ಲ ಅಕ್ಕಾ. ಓದಿದೋರು ಬರೆದಿದಾರೆ, ನನ್ನ ಕಣ್ಣೇ ಸುಳ್ಳು ಅಂದ್ಕೊಂಡೆ. ಇನ್ನೊಂದು ವಾರ ನೋಡೋಣ ಅಂದೆ. ತವರಿಗೆ ಹೋದಾಗ ಅಲ್ಲಿ ಆಸ್ಪತ್ರೆಗೆ ಹಾಕಿದ್ವಿ. ಎರಡೇ ದಿನ."

ಸಾವು ಆ ಊರಿನ ಪುಸ್ತಕದಲ್ಲಿ ದಾಖಲಾಗಿತ್ತು. ಈ ಊರಿಗೆ ಆ ಕಾಗದ ಬರಲೇ ಇಲ್ಲ.

"ವಾಪಸ್ ಬಂದ ಮೇಲೆ ಹೊಸ ಕಾರ್ಯಕರ್ತೆ ಬಂದ್ಲು. ಮಗು ಮಲಗಿದ್ಯಾ ಅಂತ ಅವಳೇ ಕೇಳಿದ್ಲು. ಹೂಂ ಅಂದೆ. ಬೇರೆ ಮಾತು ಬಾಯಿಗೆ ಬರ್ಲಿಲ್ಲ. ಅವಳು ಬರೆದು ಹೋದ್ಲು. ನೋಡ್ತೀನಿ, ಏಳು ಕಿಲೋ. ಮಗು ಬೆಳೆದಿತ್ತು." ತಾಯಿ ಜೋಲಿಯನ್ನು ಮೆಲ್ಲಗೆ ತೂಗಿದಳು. "ಬೆಳೆದ ಮೇಲೆ ಬಟ್ಟೆ ಬೇಡ್ವಾ?"

ತಕ್ಕಡಿಯಕ್ಕ ಅತ್ತಳು. ಸೆರಗು ಬಾಯಿಗೊತ್ತಿ, ಅಭ್ಯಾಸದಂತೆ ಸದ್ದಾಗದ ಹಾಗೆ ಅತ್ತಳು. ಎಬ್ಬಿಸಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಅದನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ.

ತಕ್ಕಡಿಯಕ್ಕ ಏಳುವಾಗ ತಾಯಿ ಕಾರ್ಡನ್ನೂ ಪೆನ್ನನ್ನೂ ಅವಳ ಮುಂದೆ ಹಿಡಿದಳು. "ಬರೀರಿ ಅಕ್ಕಾ."

ಅವಳು ಹೊಸ ತೂಕ ಬರೆಯಲಿಲ್ಲ. ಕಾರ್ಡಿನ ಮೇಲ್ಭಾಗಕ್ಕೆ ಹೋಗಿ, ಆರೂ ನಾನೂರರ ಪಕ್ಕ, ಆರೂ ಏಳುನೂರರ ಪಕ್ಕ, "ಮಗುವನ್ನು ನೋಡದೆ ಬರೆದೆ" ಎಂದು ಬರೆದು, ಯಾರೂ ಕರೆಯದ ತನ್ನ ಹೆಸರನ್ನು ಪೂರ್ತಿಯಾಗಿ ಸಹಿ ಮಾಡಿದಳು. ತಾಯಿ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದಳು. ಎರಡು ಸಲ ಓದಿದಳು.

"ನನ್ನ ಕಣ್ಣು ಸರಿಯಾಗೇ ಇತ್ತು ಹಾಗಾದ್ರೆ," ಎಂದಳು. ಆಮೇಲೆ ಮೊದಲ ಸಲ ಗಟ್ಟಿ ದನಿಯಲ್ಲಿ ಅತ್ತಳು. ತಕ್ಕಡಿಯಕ್ಕ ಸಂಜೆಯವರೆಗೂ ಅಲ್ಲೇ ಕೂತಿದ್ದಳು.

ಗುರುವಾರದ ಸಭೆಯಲ್ಲಿ ಫೋಟೋದವನು ಕ್ಯಾಮರಾ ಸಿದ್ಧಮಾಡಿಕೊಂಡು ನಿಂತಿದ್ದ. ತಕ್ಕಡಿಯಕ್ಕ ಚೀಲವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಚಹಾದ ಲೋಟಗಳು ಹಾಗೇ ಆರಿದವು. ಕೊನೆಗೆ ಅಧ್ಯಕ್ಷರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಊರು ಬಿಟ್ರು ಅಂತ ಬರೆದ್ಬಿಡಿ ಅಕ್ಕಾ. ಅದಕ್ಕೊಂದು ಕಾಲಂ ಇದೆಯಲ್ಲ. ನಿಮ್ಮ ಹೆಸರೂ ಉಳಿಯುತ್ತೆ. ಹಳೇದನ್ನ ಕೆದಕಿ ಏನಾಗ್ಬೇಕಿದೆ?"

"ಹಳೇದಲ್ಲ ಸ್ವಾಮಿ." ಅವಳು ಒಂದು ಚೀಟಿ ತೆಗೆದಳು. ಬೆಳಿಗ್ಗೆ ಗಂಡ ಹೆಂಡತಿ ಕೂತು ಹನ್ನೆರಡು ರಿಜಿಸ್ಟರನ್ನೂ ಜಾಲಾಡಿದ್ದರು. "ಮೂರು ತಿಂಗಳಿಂದ ಸಾಲಾಗಿ ಚುಕ್ಕೆ ಇರೋ ಮಕ್ಕಳು ಇವು. ಹನ್ನೊಂದು. ಈ ಊರಲ್ಲೇ, ಇವತ್ತು. ಮೊದಲನೇದಕ್ಕೆ ಏಳು ತಿಂಗಳು. ನನ್ನದೇನು ತಪ್ಪೋ ಅದನ್ನ ಬರ್ಕೊಳಿ, ಸಹಿ ಹಾಕ್ತೀನಿ. ನಾನು ಈಗ ಹೊರಟೆ. ನೋಡೋದು ನಿಮ್ಮ ಕೆಲಸಾನೂ ಹೌದು, ಬರೋರು ಬನ್ನಿ."

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಅಧ್ಯಕ್ಷರು ಎಡಬಲ ನೋಡಿ, ಗತ್ಯಂತರವಿಲ್ಲದೆ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದರು.

ಮೊದಲ ಮನೆ ನೀರಿನ ತೊಟ್ಟಿಯ ಪಕ್ಕದ ಸಂದಿಯಲ್ಲಿತ್ತು. ಬಾಗಿಲು ಅರ್ಧ ತೆರೆಯಿತು. ಕಣ್ಣು ಕೆಂಪಾದ ಹೆಂಗಸೊಬ್ಬಳು ಇಣುಕಿ ಪಿಸುಗುಟ್ಟಿದಳು, "ಈಗಷ್ಟೇ ಮಲಗಿದೆ ಅಕ್ಕಾ."

"ಪಾಪ, ಇನ್ನೊಂದಿನ ಬರೋಣ," ಎಂದರು ಅಧ್ಯಕ್ಷರು ಹಿಂದಿನಿಂದ.

"ಎಬ್ಬಿಸಮ್ಮ," ಎಂದಳು ತಕ್ಕಡಿಯಕ್ಕ.

ಹೆಂಗಸು ಒಳಗೆ ಹೋದಳು. ತೊಟ್ಟಿಲ ಕಿರುಗುಟ್ಟುವಿಕೆ ನಿಂತಿತು. ಕತ್ತಲು ಕೋಣೆಯಿಂದ ಯಾವ ಸದ್ದೂ ಬರಲಿಲ್ಲ. ತೊಟ್ಟಿಯ ನಲ್ಲಿ ಒಂದು ಹನಿ ಬಿಟ್ಟಿತು, ಇನ್ನೊಂದು ಹನಿ ಬಿಟ್ಟಿತು. ಅಧ್ಯಕ್ಷರು ಕರವಸ್ತ್ರವನ್ನು ಮುದ್ದೆ ಮಾಡಿ ಹಿಡಿದುಕೊಂಡರು. ತಕ್ಕಡಿಯಕ್ಕ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ಒಳಗೇ ಕಿವಿಗೊಟ್ಟು ನಿಂತಳು.

ಆಮೇಲೆ ಒಳಗೆ ಮಗು ಕಿಟಾರನೆ ಕಿರುಚಿ ಅತ್ತಿತು.

"ಅಳು ಕಂದಾ," ಎಂದಳು ತಕ್ಕಡಿಯಕ್ಕ, ಚೀಲದ ದಾರ ಬಿಚ್ಚುತ್ತಾ. "ಇನ್ನೂ ಜೋರಾಗಿ ಅಳು."