ಅಳದ ಕೂಸು

ನನ್ನ ಮೊದಲ ಮಗಳು ಹುಟ್ಟಿದಾಗ ಕಮಲಾಪುರದ ನಮ್ಮ ಓಣಿಯವರೆಲ್ಲ ನನ್ನ ಅದೃಷ್ಟ ಹೊಗಳಿದರು. ಅವಳು ಅಳುತ್ತಲೇ ಇರಲಿಲ್ಲ. ಹಾಲಿಗೂ ನಾನೇ ಎಬ್ಬಿಸಬೇಕಿತ್ತು. ಎರಡು ಗುಟುಕು ಕುಡಿದು ಮತ್ತೆ ಮಲಗಿಬಿಡುತ್ತಿದ್ದಳು.

"ಎಂಥಾ ಶಾಣ್ಯಾ ಕೂಸವ್ವ ಇದು! ತಾಯಿಗಿ ಜರಾನೂ ತ್ರಾಸ ಕೊಡಂಗಿಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನನಗೂ ಹೆಮ್ಮೆ.

ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ನಾಲಿಗೆ ಸದಾ ತುಟಿಯ ಹೊರಗೆ. ಹೊಕ್ಕಳು ಉಬ್ಬಿತ್ತು, ಚರ್ಮ ಒರಟು. ವರ್ಷ ತುಂಬಿದಾಗ ವರ್ಷದ ಕೂಸಿನ ಅಳತೆಗೆ ತಂದ ಫ್ರಾಕು ಅವಳ ಪಾದ ಮುಚ್ಚಿತು. ಅಂಗನವಾಡಿ ಟೀಚರ್ ತೂಕ ಮಾಡಿ, "ಅಕ್ಕಾ, ಕಲಬುರಗಿಗಿ ಒಯ್ದು ತೋರಸ್ರಿ," ಎಂದರು.

ಮನೆಯಲ್ಲಿ ಹೇಳಿದೆ. "ನಿನ್ನ ಗಂಡನೂ ತಡಾ ಮಾಡೇ ನಡದಾನ. ಸುಮ್ನಿರು," ಎಂದರು ಅತ್ತೆ. ನಂದೂರಿನ ದಾಲ್ ಮಿಲ್ಲಿನಲ್ಲಿ ದುಡಿಯುತ್ತಿದ್ದ ಗಂಡ, ರಜೆ ಸಿಕ್ಕಾಗ ನೋಡೋಣ ಎಂದರು. ನಾನು ಹಟ ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ, ಅತ್ತೆಯ ಮಾತು ನಂಬಲು ನನಗೂ ಆಸೆಯಿತ್ತು.

ಎರಡು ವರ್ಷ ತುಂಬಿದರೂ ಅವಳು ನಿಲ್ಲಲಿಲ್ಲ. ಒಂದು ಬೆಳಗ್ಗೆ ಯಾರನ್ನೂ ಕೇಳದೆ ಎತ್ತಿಕೊಂಡು ಬಸ್ಸು ಹತ್ತಿದೆ. ಕಲಬುರಗಿಯ ಮಕ್ಕಳ ಡಾಕ್ಟರು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ಗಂಡನ ಜೊತೆ ಮತ್ತೆ ಹೋದೆ.

"ಹುಟ್ಟಿದಾಗಿಂದ ಥೈರಾಯ್ಡ್ ಕೆಲಸ ಮಾಡೇ ಇಲ್ಲ. ದಿನಾ ಒಂದು ಗುಳಿಗಿ ಕೊಡಬೇಕು," ಎಂದರು ಡಾಕ್ಟರು.

"ಕೊಟ್ರ ಆರಾಮ ಆಗ್ತಾಳಲ್ರಿ?"

"ಎತ್ತರ ಬೆಳಿತಾಳ, ನಡಿತಾಳ. ಆದ್ರ ಬುದ್ಧಿಗಿ... ಮೊದಲನೇ ತಿಂಗಳದಾಗೇ ಶುರು ಮಾಡಬೇಕಿತ್ತವ್ವ. ಮಿದುಳು ಬೆಳಿಯೋ ಹೊತ್ತು ಅದು."

ಗಂಡ ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತಲೇ ಇದ್ದರು.

ಗುಳಿಗೆ ಪುಡಿ ಮಾಡಿ, ನೀರಲ್ಲಿ ಕಲಸಿ ದಿನವೂ ಕುಡಿಸಿದೆ. ಮೂರನೇ ವಾರ ಅವಳು ಹಸಿದು ಗಟ್ಟಿಯಾಗಿ ಅತ್ತಳು. ಅತ್ತೆ ಒಲೆ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತರು. ಸೆರಗು ಬಾಯಿಗೆ ಒತ್ತಿಕೊಂಡು ಹಾಗೇ ಒಳಗೆ ಹೋದರು.

ಎರಡನೆಯ ಮಗಳು ಹುಟ್ಟಿದ ಮೂರನೇ ದಿನ, ಹಿಮ್ಮಡಿ ಚುಚ್ಚಿ ಥೈರಾಯ್ಡಿನ ರಕ್ತ ಪರೀಕ್ಷೆ ಮಾಡುವವರೆಗೆ ನಾನು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಎಲ್ಲ ಸರಿ ಇತ್ತು. ದೊಡ್ಡವಳಿಗೂ ಇಷ್ಟೇ ಸಾಕಿತ್ತಲ್ಲ ಎಂದು ಅಂದು ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ದೊಡ್ಡವಳಿಗೆ ಈಗ ಹನ್ನೊಂದು. ನನ್ನ ಭುಜಕ್ಕೆ ಬಂದಿದ್ದಾಳೆ. ನಡೆಯುತ್ತಾಳೆ, ತಾಟು ತೊಳೆಯುತ್ತಾಳೆ, ಹತ್ತಿಪ್ಪತ್ತು ಮಾತು ಆಡುತ್ತಾಳೆ. ಅವಳ ಅಂಗಿಯ ಗುಂಡಿ ಹಾಕುವುದು ಆರು ವರ್ಷದ ತಂಗಿ. ಮೊನ್ನೆ ಗುಂಡಿ ಹಾಕುತ್ತಾ ಕೇಳಿದಳು: "ಅವ್ವಾ, ಅಕ್ಕ ಯಾವಾಗ ನನ್ನಷ್ಟು ದೊಡ್ಡಾಕಿ ಆಗ್ತಾಳ?"

"ಮ್ಯಾಲಿನ ಗುಂಡಿ ಹಾಕಿಲ್ಲ ನೋಡು," ಎಂದೆ.