ಅರ್ಧ ರೊಟ್ಟಿ ಉಳಿದ ಡಬ್ಬಿ

ಹೋದ ವಾರ ಸಿಂದಗಿಯ ನಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಯಾರೋ ಊಟದ ಡಬ್ಬಿಯ ಮುಚ್ಚಳ ತೆಗೆದರು. ಫಿನಾಯಿಲ್ ವಾಸನೆಯನ್ನೂ ದಾಟಿಕೊಂಡು ಗುರೆಳ್ಳು ಚಟ್ನಿಯ ಘಮ ಬಂತು. ಇಂಡಿ ಕಡೆಯಿಂದ ಬಂದು ಮಲಗಿದ್ದ ಮುದುಕಿಯ ಮಗಳು ಡಬ್ಬಿಯನ್ನು ನನ್ನತ್ತ ವಾಲಿಸಿ, “ಉಂಡಾಳ್ರಿ ಸಿಸ್ಟರ್, ನೋಡ್ರಿ, ಅರ್ಧಾ ರೊಟ್ಟಿ ಅಷ್ಟ ಉಳದೈತಿ” ಎಂದಳು. ಚಾರ್ಟಿನಲ್ಲಿ ಬರೆಯಲು ಪೆನ್ನು ತೆಗೆದವಳು ನಾನು ಹಾಗೇ ನಿಂತುಬಿಟ್ಟೆ. ಅರ್ಧ ರೊಟ್ಟಿ ಕಂಡರೆ ನನಗೆ ಆಯಿಯ ನೆನಪಾಗುತ್ತದೆ...

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ, ಅಜ್ಜನಿಗೆ ಮುತ್ಯಾ. ಈ ಆಯಿ ನನ್ನ ಮುತ್ಯಾನ ತಂಗಿ. ಮುತ್ಯಾ ಹರೆಯದಲ್ಲೇ ಇಂಗಳೇಶ್ವರ ಬಿಟ್ಟು, ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಹಡಗು ಹತ್ತಿ ಮೊಂಬಾಸಾ ಸೇರಿದವರು. ಅಪ್ಪ ಹುಟ್ಟಿದ್ದು ಅಲ್ಲೇ, ನಾನೂ ಅಲ್ಲೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಸ್ವಾಹಿಲಿ. ಹದಿನೆಂಟು ತುಂಬಿದಾಗ ಅಪ್ಪ ನನ್ನನ್ನು ನರ್ಸಿಂಗ್ ಓದಲು ಮುದ್ದೇಬಿಹಾಳಕ್ಕೆ ಕಳಿಸಿದರು. ಬಾಯಿ ಬಿಟ್ಟರೆ “ನಮ್ಮೂರು, ನಮ್ಮೂರು” ಎನ್ನುತ್ತಿದ್ದ ಅವರು ಇಂಗಳೇಶ್ವರ ಕಂಡದ್ದು ಎರಡೇ ಸಲ! ಒಂದು ತಿಂಗಳು ನೋಡು, ಒಗ್ಗದಿದ್ದರೆ ವಾಪಸ್ ಬಾ ಎಂದು ಮಾತಾಗಿತ್ತು. ಮೊದಲ ವಾರದಲ್ಲೇ ನಾನು ದಿನ ಎಣಿಸಲು ಶುರುಮಾಡಿದ್ದೆ.

ನಾಲ್ಕು ಹುಡುಗಿಯರು ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಬೆಳಗ್ಗೆ ಕ್ಲಾಸಿಗೆ ಮೊದಲು ಉಳಿದ ಮೂವರು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ಹಳ್ಳಿಯ ಮನೆಗಳಿಂದ ಅವರ ಬುತ್ತಿ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರು ಒಂದೊಂದೇ ಗಂಟು ಎತ್ತಿ ಕೊಡುತ್ತಿದ್ದರು, ಸಂಜೆ ತೊಳೆದ ಡಬ್ಬಿ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ನನ್ನವರೆಲ್ಲ ಸಮುದ್ರದಾಚೆ. ಕೋಣೆಯಲ್ಲಿ ಒಬ್ಬಳೇ ಇರಲಾರದೆ ನಾನೂ ಹೋಗಿ, ಬಾಳೆಹಣ್ಣು ತಿನ್ನುತ್ತ ಅವರ ಪಕ್ಕ ನಿಲ್ಲುತ್ತಿದ್ದೆ.

ಒಂಬತ್ತನೆಯ ದಿನ ಬಾಗೇವಾಡಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು, “ಆಫ್ರಿಕಾದ ಹುಡುಗಿ ಯಾರವಾ?” ಎಂದು ಕೂಗಿದರು. ಬಸ್‌ಸ್ಟ್ಯಾಂಡೇ ನನ್ನತ್ತ ತಿರುಗಿತು. ಅವರ ಕೈಯಲ್ಲಿ ಕೆಂಪು ಚೌಕಳಿ ಬಟ್ಟೆಯ ಗಂಟಿತ್ತು.

“ಇಂಗಳೇಶ್ವರದ ಮುದುಕಿ ಕೊಟ್ಟಾಳ. ಬಾಗೇವಾಡ್ಯಾಗ ಬಸ್ ಬದಲಿ ಮಾಡಿ ಬಂದೈತಿ ಇದು. ಸಂಜೀಕ ಡಬ್ಬಿ ತಪ್ಪಸಬ್ಯಾಡ. ಆಕಿ ನನ್ನ ಬಿಡಾಂಗಿಲ್ಲ.”

ಗಂಟು ಬಿಚ್ಚಿದರೆ ಅಲ್ಯುಮಿನಿಯಂ ಡಬ್ಬಿ, ಐದು ಕಟಕ್ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ. ಫೋಟೋದಲ್ಲಷ್ಟೇ ನೋಡಿದ್ದ ಮುದುಕಿ ನನಗಾಗಿ ಬೆಳಗಿನ ಜಾವ ಒಲೆ ಹಚ್ಚಿದ್ದಾಳೆಂದು ಕಣ್ಣು ತುಂಬಿ ಬಂತು. ಆದರೆ ರೊಟ್ಟಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಮೆತ್ತನೆಯ ಚಪಾತಿ ತಿಂದು ಬೆಳೆದ ಬಾಯಿ ನನ್ನದು, ಮೊದಲ ತುತ್ತಿಗೇ ವಸಡು ಕೆತ್ತಿತು. ಹಾಗೇ ವಾಪಸ್ ಕಳಿಸಲು ನಾಚಿಕೆ. ಚಟ್ನಿಯನ್ನು ಗೆಳತಿಯರಿಗೆ ಕೊಟ್ಟು, ರೊಟ್ಟಿಯನ್ನು ಮನೆ ಮಾಲಕಿಯ ಎಮ್ಮೆಗೆ ಹಾಕಿ, ಡಬ್ಬಿಯನ್ನು ಲಕಲಕ ತೊಳೆದು ಕಳಿಸಿದೆ.

ಮರುದಿನ ಏಳು ರೊಟ್ಟಿ ಬಂದವು. ಅದರ ಮರುದಿನ ಎಂಟು. ಫೋನಿನಲ್ಲಿ ಹೇಳೋಣವೆಂದರೆ ಆಯಿಗೆ ಕಿವಿ ದೂರ. ವಾರ ತುಂಬುವಷ್ಟರಲ್ಲಿ ಲೆಕ್ಕ ಹನ್ನೊಂದಕ್ಕೆ ಮುಟ್ಟಿತ್ತು, ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಎಮ್ಮೆಯ ಮೈ ಮಾತ್ರ ಮಿರಮಿರ ಮಿಂಚುತ್ತಿತ್ತು.

ಹನ್ನೆರಡನೆಯ ರೊಟ್ಟಿಯ ಬದಲು ಆಯಿಯೇ ಬಂದಳು. ಇಳಕಲ್ ಸೀರೆ ಉಟ್ಟ ಪುಟ್ಟ ಆಕೃತಿ, ಮಗುವನ್ನು ಎತ್ತಿಕೊಂಡಂತೆ ಎದೆಗವಚಿದ ಡಬ್ಬಿ. ಅಂಗಳದಲ್ಲಿ ನಿಂತು, “ದಿನಾ ಹನ್ನೊಂದು ರೊಟ್ಟಿ ತಿನ್ನೂ ಹುಡುಗಿನ್ನ ಒಮ್ಮಿ ಕಣ್ಣಾರೆ ನೋಡೂಣಂತ ಬಂದೇನಿ” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮನೆ ಮಾಲಕಿ ಹೊರಬಂದು ಆಯಿಯ ಕಿವಿಗೆ ಬಾಗಿ ಜೋರಾಗಿ, “ಭಾಳ ಛಲೋ ರೊಟ್ಟಿ ಮಾಡ್ತೀರಿ ಬಿಡ್ರಿ. ನಮ್ಮ ಎಮ್ಮಿ ಹಾಲು ಹೆಚ್ಚ ಕೊಡಾಕತ್ತೈತಿ!” ಎಂದುಬಿಟ್ಟರು.

ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಯಿ ಎಮ್ಮೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಅಳುತ್ತಲೇ, ನನಗೆ ಇಲ್ಲಿ ಆಗುವುದಿಲ್ಲ, ವಾಪಸ್ ಹೋಗುತ್ತೇನೆ ಎಂದು ಕೂಗಿ ಹೇಳಿದೆ. ಅವಳು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಡಬ್ಬಿಯ ಮುಚ್ಚಳ ತೆಗೆದಳು.

“ಇದು ನಮ್ಮ ಮನಿ ಪದ್ಧತಿ ನೋಡವಾ. ನಿಮ್ಮ ಮುತ್ಯಾ ಹೊಲದಾಗಿಂದ ಡಬ್ಬಿ ಕಳಸ್ತಿದ್ದ. ಪೂರಾ ಖಾಲಿ ಬಂತಂದ್ರ ಸಾಲಲಿಲ್ಲ ಅಂತ. ಅರ್ಧಾ ರೊಟ್ಟಿ ಉಳೀತಂದ್ರ ಹೊಟ್ಟಿ ತುಂಬೇತಿ ಅಂತ. ಹಂಗ ತಿರುಗಿ ಬಂದ್ರ ಮೈಯಾಗ ಆರಾಮಿಲ್ಲಂತ. ಏನರ ಕಳಸು, ಖರೇ ಕಳಸು. ಸುಳ್ಳ ಡಬ್ಬಿ ಮಾತ್ರ ಕಳಸಬ್ಯಾಡ.”

ನಾನು ಅಳು ನಿಲ್ಲಿಸಿದೆ. ಮೊಂಬಾಸಾದಲ್ಲಿ ಮುತ್ಯಾ ದಿನಾ ಅರ್ಧ ಚಪಾತಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ಅನ್ನ ಹಾಳು ಮಾಡುತ್ತಾರೆಂದು ಮನೆಮಂದಿಯೆಲ್ಲ ಗೊಣಗುತ್ತಿದ್ದೆವು. ಸಾಯುವ ತನಕ ಆ ಮನುಷ್ಯ ಊಟ ಮುಗಿದಾಗಲೆಲ್ಲ ಹೊಟ್ಟೆ ತುಂಬಿತು ಎಂದು ಇಂಗಳೇಶ್ವರದ ತಂಗಿಗೆ ಹೇಳುತ್ತಿದ್ದರೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ...

ಮರುದಿನದಿಂದ ನಾನು ಖರೇ ಡಬ್ಬಿ ಕಳಿಸಿದೆ. ಆಯಿ ಮತ್ತೆ ಐದಕ್ಕಿಳಿಸಿದ್ದಳು, ಅದರಲ್ಲಿ ನಾಲ್ಕೂವರೆ ರೊಟ್ಟಿ ತಿರುಗಿ ಹೋದವು. ಅದನ್ನು ಓದಿಕೊಂಡ ಆಯಿ ಕಟಕ್ ರೊಟ್ಟಿ ಬಿಟ್ಟು, ಬಟ್ಟೆಯಲ್ಲಿ ಸುತ್ತಿದ ಮೆತ್ತನೆಯ ಬಿಸಿರೊಟ್ಟಿ ಕಳಿಸಿದಳು, ಜೊತೆಗೆ ಗಟ್ಟಿ ಮೊಸರು. ಮೂರು ಉಳಿದವು, ಆಮೇಲೆ ಎರಡು. ತಿಂಗಳು ತುಂಬುವ ದಿನ ಡಬ್ಬಿಯಲ್ಲಿ ಉಳಿದದ್ದು ಅರ್ಧ. ಅಪ್ಪನಿಗೆ ಫೋನ್ ಮಾಡಿ ಟಿಕೆಟ್ ಬೇಡ ಎಂದೆ.

ಮುಂದೆ ಮೂರು ವರ್ಷಕ್ಕೂ ಮಿಕ್ಕಿ ಆ ಡಬ್ಬಿ ಒಂದು ದಿನವೂ ತಪ್ಪಲಿಲ್ಲ. ಮಳೆಯಿರಲಿ ಜ್ವರವಿರಲಿ, ಮೊದಲ ಬಸ್ಸಿಗೆ ಮುಂಚೆ ಆಯಿ ನಿಲ್ದಾಣದಲ್ಲಿ ಇರುತ್ತಿದ್ದಳು. ಅವಳು ಕಾಣದಿದ್ದರೆ ಡ್ರೈವರು ಹಾರ್ನ್ ಹೊಡೆದು ಕಾಯುತ್ತಿದ್ದರಂತೆ. ಅಕ್ಷರ ಬಾರದ, ಕಿವಿ ಕೇಳದ ಹೆಂಗಸು ನನಗೆ ನೆಗಡಿಯಾದದ್ದನ್ನೂ ಪರೀಕ್ಷೆಯ ಭಯವನ್ನೂ ರೊಟ್ಟಿಯ ಚೂರು ನೋಡಿ ತಿಳಿದುಕೊಳ್ಳುತ್ತಿದ್ದಳು. ಅಂಥ ಗಮನ ನಾನು ಯಾವ ದೊಡ್ಡ ಡಾಕ್ಟರಲ್ಲೂ ಕಂಡಿಲ್ಲ.

ಕೊನೆಯ ವರ್ಷ, ಪರೀಕ್ಷೆ ಹತ್ತಿರವಾದಾಗ ಅವಳು ಹಾಸಿಗೆ ಹಿಡಿದಳು. ಈಗ ರೊಟ್ಟಿ ಬಡಿಯುವ ಸರದಿ ನನ್ನದಾಯಿತು. ಮನೆ ಮಾಲಕಿಯಿಂದ ಕಲಿತು, ಅಂಚು ಹರಿದ ಎರಡು ರೊಟ್ಟಿಯನ್ನು ಅದೇ ಡಬ್ಬಿಯಲ್ಲಿಟ್ಟು ಬಾಗೇವಾಡಿ ಬಸ್ಸಿಗೆ ಕೊಡುತ್ತಿದ್ದೆ. ಅವಳ ಪಕ್ಕದ ಮನೆಯವರು ಇಳಿಸಿಕೊಂಡ ಡಬ್ಬಿ ಪ್ರತಿದಿನ ಅರ್ಧ ರೊಟ್ಟಿ ಹೊತ್ತು ಮರಳುತ್ತಿತ್ತು. ಹೊಟ್ಟೆ ತುಂಬಿತು! ನಾನು ಹಿಗ್ಗಿಹೋದೆ. ಪರೀಕ್ಷೆ ಮುಗಿಸಿಕೊಂಡೇ ಹೋದರಾಯಿತು ಎಂದುಕೊಂಡೆ. ರೋಗಿ ಎಷ್ಟು ಉಂಡರು ಎಂದು ನೋಡಿ ಬರೆಯುವುದನ್ನು ನಾಲ್ಕು ವರ್ಷ ಕಲಿತವಳು, ಅರ್ಧ ರೊಟ್ಟಿಯನ್ನು ನಂಬಿ ಕುಳಿತೆ.

ಪರೀಕ್ಷೆ ಮುಗಿದ ದಿನವೇ ಸುದ್ದಿ ಬಂತು. ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಸೊಸೆ ಡಬ್ಬಿಯನ್ನು ನನ್ನ ಕೈಗಿಟ್ಟಳು.

“ಎರಡ ವಾರ ಆಗಿತ್ರಿ ಅಕ್ಕಾ, ಒಂದ ತುತ್ತೂ ಇಳಿದಿದ್ದಿಲ್ಲ. ನಿಮ್ಮ ರೊಟ್ಟಿ ನಮಗ ಕೊಡ್ತಿದ್ರು. ಅರ್ಧಾ ಮಾತ್ರ ತಾವ ಮುರದು ಡಬ್ಬ್ಯಾಗ ಇಡ್ತಿದ್ರು. ಹುಡುಗಿ ಪರೀಕ್ಷಾ ಬಿಟ್ಟು ಓಡಿ ಬರ್ತೈತಿ, ಹೇಳಬ್ಯಾಡಂತ ಆಣಿ ಮಾಡಿಸಿದ್ರು.”

ಮುಚ್ಚಳ ತೆಗೆದೆ. ಒಳಗೆ ಅರ್ಧ ರೊಟ್ಟಿ ಇತ್ತು.

ಅವಳ ಮೇಲೆ ನನಗೆ ಸಿಟ್ಟಿದೆ. ಅವಳಂಥ ಜೀವವನ್ನು ನಾನು ಮತ್ತೆ ಕಾಣಲಿಲ್ಲ ಎಂಬುದೂ ಅಷ್ಟೇ ನಿಜ. ಹೋದ ವಾರ ವಾರ್ಡಿನಲ್ಲಿ ಚಾರ್ಟು ಬದಿಗಿಟ್ಟು, ಮಗಳನ್ನು ಬಿಸಿನೀರು ತರಲು ಕಳಿಸಿ, ಆ ಮುದುಕಿಯ ಪಕ್ಕ ಕುಳಿತೆ. “ಆಯಿ, ಖರೇ ಹೇಳ್ರಿ, ಉಂಡೀರಿ?” ಎಂದೆ. ಅವರು ಬಾಗಿಲ ಕಡೆ ನೋಡಿ, ಮಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ರೊಟ್ಟಿ ಕೊಟ್ಟ ಪಕ್ಕದ ಮಂಚದ ಕಡೆ ಕೈ ತೋರಿಸಿ, ಇಲ್ಲವೆಂದು ತಲೆಯಾಡಿಸಿದರು. ಕೇಳಲು ಬೇಕಾದದ್ದು ಅಷ್ಟೇ ಮಾತು. ನನ್ನ ಆಯಿಯನ್ನು ನಾನು ಕೇಳಲಿಲ್ಲ.