ಇಪ್ಪತ್ತೆರಡು ಗೇಜಿನ ಸಿಟ್ಟು

ಸಿಟ್ಟು ಬಂದಾಗ ನನಗೆ ಮೊದಲು ಎಡಗಿವಿ ಕೆಂಪಾಗುತ್ತದಂತೆ. ಇದು ನನ್ನ ಹೆಂಡತಿ ಗಿರಿಜೆಯ ಸಂಶೋಧನೆ. ಆ ಹೊತ್ತಿನಲ್ಲಿ ಬಲಗಿವಿಗೆ ಏನಾಗುತ್ತದೆ ಎಂದು ಕೇಳಿದರೆ, ಅದು ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ ಎನ್ನುತ್ತಾಳೆ. ತೊಂಬತ್ತರ ದಶಕದ ಕೊನೆಯ ಎರಡು ವರ್ಷ ನನ್ನ ಎಡಗಿವಿ ಸದಾ ಕೆಂಪಗೇ ಇತ್ತು. ಅದಕ್ಕೆ ಕಾರಣ ಒಂದು ಕಂಪ್ಯೂಟರು.

ಶಿಕಾರಿಪುರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ ಕೊಡುವ ಕೆಲಸ. ಈ ಕಸುಬಿನ ಪ್ರಾಣ ಇರುವುದು ಎರಡು ಸಂಖ್ಯೆಗಳಲ್ಲಿ: ತಂತಿ ಎಷ್ಟು ಗೇಜಿನದು, ಸುತ್ತು ಎಷ್ಟು. ಗೇಜಿನ ಸಂಖ್ಯೆ ಏರಿದಷ್ಟೂ ತಂತಿ ತೆಳ್ಳಗೆ. ತಂತಿ ತೆಳ್ಳಗಾದರೆ ಮೋಟರು ಕಾದು ಮತ್ತೆ ಸುಡುತ್ತದೆ. ಒಂದೊಂದು ಕಂಪನಿಯ ಮೋಟರಿಗೆ ಒಂದೊಂದು ಲೆಕ್ಕ. ಹದಿನೈದು ವರ್ಷ ಬಿಚ್ಚಿದ ಮೋಟರುಗಳ ಲೆಕ್ಕವನ್ನೆಲ್ಲ ನಾನು ಒಂದೇ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಗಿರಿಜೆಗೂ ಮುಟ್ಟಲು ಕೊಡುತ್ತಿರಲಿಲ್ಲ.

ಅಂಥ ನೋಟುಬುಕ್ಕನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದು ಶಿವಮೊಗ್ಗದಿಂದ ಒಬ್ಬ ಬಂದ. ಟೈ ಕಟ್ಟಿದ್ದ. ಟೈ ಕಟ್ಟಿದವರನ್ನು ನಂಬಬಾರದು ಎಂಬ ನಿಯಮ ನಾನು ಮಾಡಿಕೊಂಡದ್ದು ಆಮೇಲೆ. ಕಂಪ್ಯೂಟರನ್ನೂ ಅದರೊಳಗೆ ಲೆಕ್ಕ ಇಡುವ ತಂತ್ರಾಂಶವನ್ನೂ ನನಗೆ ಮಾರಿ ಹೋದ. ನಾನೇ ಒಂದೇ ಬೆರಳಿನಲ್ಲಿ ಹದಿನೈದು ದಿನ ಕುಟ್ಟಿ ಎಲ್ಲ ಲೆಕ್ಕವನ್ನೂ ತುಂಬಿಸಿದೆ. 'ಕಂಪ್ಯೂಟರ್ ಉಳ್ಳ ರಿವೈಂಡಿಂಗ್ ಅಂಗಡಿ' ಎಂದು ಬೋರ್ಡು ಬರೆಸಿದೆ. ಅಟ್ಟ ಸೇರಿದ ನೋಟುಬುಕ್ಕನ್ನು ಗೆದ್ದಲು ತಿಂದಾಗ ನಕ್ಕೆ. ನಗಬಾರದಿತ್ತು.

ವರ್ಷ ತುಂಬಿದ ದಿನ ಪರದೆಯ ಮೇಲೆ ಅವಧಿ ಮುಗಿದಿದೆ ಎಂದು ಬಂತು. ಫೋನು ಮಾಡಿದರೆ ಆ ಪುಣ್ಯಾತ್ಮ, "ವರ್ಷಕ್ಕೊಮ್ಮೆ ನಾನೇ ಬಂದು ಬೀಗ ತೆಗೀಬೇಕು ಸಾರ್, ಪದ್ಧತಿ ಹಂಗೇ" ಎಂದ. ಬರುತ್ತೇನೆ ಎಂದವನು ಬರಲಿಲ್ಲ. ಆಮೇಲೆ ಫೋನನ್ನೂ ಎತ್ತಲಿಲ್ಲ. ನನ್ನ ಕೈಯಾರೆ ಎಣಿಸಿದ ಸುತ್ತು, ನನ್ನ ಬೆರಳು ಸುಟ್ಟುಕೊಂಡು ಅಳೆದ ತಂತಿ, ಅದನ್ನು ನೋಡಲು ನಾನು ಇನ್ನೊಬ್ಬನ ಅಪ್ಪಣೆಗೆ ಕಾಯಬೇಕು! ಆ ತಿಂಗಳು ನಾನು ಬೈದ ಬೈಗುಳವನ್ನು ಬರೆದಿಟ್ಟಿದ್ದರೆ ಇನ್ನೊಂದು ನೋಟುಬುಕ್ಕು ತುಂಬುತ್ತಿತ್ತು. ಅವನನ್ನು, ಅವನ ಟೈಯನ್ನು, ಟೈ ಮಾರಿದ ಅಂಗಡಿಯವನನ್ನು, ಯಾರನ್ನೂ ಬಿಡಲಿಲ್ಲ.

ಪಾರು ಮಾಡಿದವರು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ತಮ್ಮ ಬಾವಿಯ ಮೋಟರು ರಿಪೇರಿಗೆ ತಂದವರು ನನ್ನ ಕಿವಿ ನೋಡಿ ವಿಚಾರಿಸಿದರು. ಮುಂದಿನ ಭಾನುವಾರ, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ, ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿ.ಡಿ. ಹಿಡಿದು ಬಂದರು. ಎರಡು ಭಾನುವಾರ ಹೆಣಗಿದ ಮೇಲೆ ಕಪ್ಪು ಪರದೆಯಲ್ಲಿ ನನ್ನ ಲೆಕ್ಕದ ಕಡತ ತೆರೆದುಕೊಂಡಿತು. ಅರ್ಥವಾಗದ ಅಕ್ಷರಗಳ ನಡುವೆ ನನ್ನ ಮೋಟರುಗಳೆಲ್ಲ ಇದ್ದವು. ಬೀಗ ಇದ್ದದ್ದು ಬಾಗಿಲಿಗೆ ಮಾತ್ರ, ಗೋಡೆಯೇ ಇರಲಿಲ್ಲ. ಅಂದಿನಿಂದ ನನ್ನ ಅಂಗಡಿಯ ವ್ಯವಹಾರ ಲಿನಕ್ಸಿಗೆ ಬದಲಾಯಿತು.

ಈ ಲಿನಕ್ಸನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು, ಹಂಚಿದರೆ ಬಿಚ್ಚಿ ನೋಡುವ ಹಕ್ಕನ್ನೂ ಜೊತೆಗೆ ಕೊಡಬೇಕು ಎಂದರು ಮೇಷ್ಟ್ರು. ನನಗೆ ನನ್ನ ಅಜ್ಜ ನೆನಪಾದ. ಅವನು ಕಾಮಾಲೆಗೆ ಔಷಧ ಕೊಡುತ್ತಿದ್ದ. ಸೊಪ್ಪಿನ ಹೆಸರು ಹೇಳಿದರೆ ಔಷಧ ಹತ್ತುವುದಿಲ್ಲ ಎಂದು ಯಾರಿಗೂ ಹೇಳದೆ ಸತ್ತ. ಮುಂದೆ ಅವನ ಮಗನಿಗೇ, ಅಂದರೆ ನನ್ನ ಅಪ್ಪನಿಗೇ ಕಾಮಾಲೆಯಾದಾಗ ಮನೆಮಂದಿಯೆಲ್ಲ ಹಿತ್ತಲಿನಲ್ಲಿ ಕಂಡ ಕಂಡ ಎಲೆ ಮೂಸುತ್ತ ತಿರುಗಿದೆವು. ಹೀಗಾಗಿ ಅಜ್ಜನನ್ನೂ ಬೈಗುಳದ ಪಟ್ಟಿಗೆ ಸೇರಿಸಿದೆ. ಅಂಗಡಿಗೆ ಬಂದವರಿಗೆಲ್ಲ ವಿದ್ಯೆ ಮುಚ್ಚಿಡುವವರು ಎಂಥ ಪಾಪಿಗಳು ಎಂದು ಭಾಷಣ ಶುರುವಾಯಿತು. ಈಸೂರಿನ ರೈತರೊಬ್ಬರು ಮುಕ್ಕಾಲು ಗಂಟೆ ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಐತ್ರೀ, ನನ್ ಮೋಟ್ರು ಯಾವಾಗ ಕೊಡ್ತೀರಿ?" ಎಂದರು.

ಹೀಗಿರುವಾಗ ಒಂದು ಮಧ್ಯಾಹ್ನ ಆನವಟ್ಟಿಯ ರುದ್ರಪ್ಪ ಬಸ್ಸಿಳಿದು ಬಂದ. ಅವನದೂ ನನ್ನದೇ ಕಸುಬು. ಕ್ಯಾಸನೂರಿನ ಕಡೆಯ ಒಂದು ಹಳ್ಳಿಯ ಕುಡಿಯುವ ನೀರಿನ ಮೋಟರು ಸುಟ್ಟಿತ್ತು. ಯಾರೋ ಬುದ್ಧಿವಂತ ಸುತ್ತು ಎಣಿಸದೆ ತಂತಿ ಕಿತ್ತೆಸೆದು ಆಮೇಲೆ ರುದ್ರಪ್ಪನಿಗೆ ತಂದುಕೊಟ್ಟಿದ್ದ.

"ನಾಕು ದಿನಾಯ್ತು ಅಣ್ಣಾರೆ, ಹೆಂಗಸ್ರು ಹೊಳೆಯಿಂದ ಹೊರ್ತಾ ಅದಾರೆ. ಆ ಮೋಟ್ರಿನ ಲೆಕ್ಕ ನಿಮ್ ಹತ್ರ ಇರ್ತೈತಲ್ರೀ, ಒಂಚೂರು ಹೇಳಿದ್ರೆ..."

ನನ್ನ ಕೈ ನನ್ನನ್ನು ಕೇಳದೆಯೇ ಪರದೆಯನ್ನು ಗೋಡೆಯ ಕಡೆ ತಿರುಗಿಸಿತು. "ಮೋಟ್ರು ಇಲ್ಲಿಗೇ ತಗಂಡ್ ಬಾ, ನಾನೇ ಸುತ್ತಿ ಕೊಡ್ತೀನಿ. ಲೆಕ್ಕ ಎಲ್ಲ ಹೊರಗೆ ಕೊಡೋದಲ್ಲಪ್ಪ, ಪದ್ಧತಿ ಹಂಗೇ" ಎಂದೆ.

ಮೂಲೆಯಲ್ಲಿ ಕುಳಿತು ಕಾಯಿಲ್‌ಗಳ ನಡುವೆ ಇಡುವ ಕಾಗದ ಕತ್ತರಿಸುತ್ತಿದ್ದ ಗಿರಿಜೆ ತಲೆಯೆತ್ತದೆ ಹೇಳಿದಳು: "ಪಾಪ, ಆ ಶಿವಮೊಗ್ಗದೋನಿಗೆ ಅಷ್ಟೊಂದು ಬೈಬಾರದಾಗಿತ್ತು ರೀ."

ಎಡಗಿವಿ ಕಾದಿತು. ಪರದೆಯನ್ನು ಈಚೆ ತಿರುಗಿಸಿ, ಹಲ್ಲು ಕಚ್ಚಿಕೊಂಡು ಓದಿ ಹೇಳಿದೆ: ಸುತ್ತು ಇಷ್ಟು, ಗೇಜು ಇಪ್ಪತ್ತೆರಡು.

ಬರೆದುಕೊಳ್ಳುತ್ತಿದ್ದ ರುದ್ರಪ್ಪ ನಿಲ್ಲಿಸಿದ. ಜೇಬಿನಿಂದ ಬೀಡಿ ಕಟ್ಟಿನ ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ಗೇಣುದ್ದದ ತಂತಿ. "ಇದೊಂದು ಚೂರು ಸಂದಿನಾಗೆ ಸಿಕ್ಕಂಡಿತ್ರೀ. ಕಂಪನಿ ತಂತಿನೇ. ನಾ ಅಳದ್ರೆ ಇಪ್ಪತ್ತೊಂದು ಬಂತಲ್ಲ?"

ನನ್ನ ಮೈಕ್ರೋಮೀಟರಿನಲ್ಲೇ ಅಳೆದೆ. ಮೂರು ಸಲ ಅಳೆದೆ. ಮೂರು ಸಲವೂ ಇಪ್ಪತ್ತೊಂದೇ. ಒಂದು ಬೆರಳಿನಲ್ಲಿ ಕುಟ್ಟುವಾಗ ಆ ಬೆರಳು ಒಂದು ಗುಂಡಿ ಪಕ್ಕಕ್ಕೆ ಬಿದ್ದಿತ್ತು. ಕಂಪ್ಯೂಟರು ಹೇಳಿದ ಮೇಲೆ ಅಳೆಯುವುದು ಅವಮಾನವೆಂದು ನಾನು ಅಂಥ ಮೋಟರಿಗೆಲ್ಲ ಇಪ್ಪತ್ತೆರಡನ್ನೇ ಸುತ್ತುತ್ತ ಬಂದಿದ್ದೆ. ಹಾಗೆ ಸುತ್ತಿದ ಮೂರು ಮೋಟರು ವರ್ಷ ತುಂಬುವ ಮೊದಲೇ ಸುಟ್ಟು ವಾಪಸು ಬಂದಿದ್ದವು. ಆಗ ನಾನು ವೋಲ್ಟೇಜು ಸರಿಯಿಲ್ಲವೆಂದು ನಮ್ಮ ಬೀದಿಯ ಲೈನ್‌ಮನ್ ಹನುಮಂತಪ್ಪನ ಮೇಲೆ ಹರಿಹಾಯ್ದಿದ್ದೆ. ಅವನೊಂದಿಗೆ ಮಾತು ಬಿಟ್ಟು ಆಗಲೇ ಒಂದು ವರ್ಷವಾಗಿತ್ತು. ಲೆಕ್ಕ ನನ್ನೊಬ್ಬನ ಹತ್ತಿರವೇ ಇದ್ದದ್ದರಿಂದ ತಪ್ಪೂ ನನ್ನೊಬ್ಬನ ಹತ್ತಿರವೇ ಭದ್ರವಾಗಿ ಉಳಿದಿತ್ತು.

ರುದ್ರಪ್ಪ ಸಂಜೆಯ ಬಸ್ಸಿಗೆ ಹೊರಟಾಗ ಎಲ್ಲ ಲೆಕ್ಕವನ್ನೂ ಮುದ್ರಿಸಿ ಅವನ ಕೈಗಿಟ್ಟೆ. ತಪ್ಪಿದ್ದರೆ ತಿದ್ದಿ ಕಳಿಸು ಎಂದೆ. ಉದಾರತೆಯಿಂದ ಅಲ್ಲ, ಹೆದರಿಕೆಯಿಂದ.

ಮರುದಿನ ಹನುಮಂತಪ್ಪ ನಮ್ಮ ಬೀದಿಯ ಕಂಬದ ಮೇಲಿದ್ದ. ಅವನು ಇಳಿಯುವವರೆಗೆ ಕೆಳಗೆ ನಿಂತಿದ್ದು, ಇಪ್ಪತ್ತೊಂದು ಇಪ್ಪತ್ತೆರಡರ ಕತೆಯನ್ನೆಲ್ಲ ಒಪ್ಪಿಸಿದೆ. ಬೈಯಲಿ ಎಂದು ಕಾದೆ. ಅವನು ಹಗ್ಗ ಸುತ್ತಿ ಹೆಗಲಿಗೇರಿಸಿಕೊಂಡು, ಒಂದು ನಿಮಿಷ ನನ್ನ ಕಿವಿಯನ್ನೇ ನೋಡಿ ಹೇಳಿದ:

"ಹೋಗ್ಲಿ ಬಿಡ್ರೀ. ಆಗ ವೋಲ್ಟೇಜೂ ಕಡಿಮೆನೇ ಇತ್ತು."